ಎದ್ದು ಕಂಡದ್ದು, ಕಣ್ಣಿಗೆ ಬಿದ್ದದ್ದು

ಹೈದರಾಬಾದಿನ ಗಚ್ಚಿಬೌಲಿ ಎಂಬ ಹೆಸರನ್ನು ಬಿಡಿಸಲು ಕನ್ನಡಿಗರಿಗೆ ನಿಘಂಟು ಬೇಕಿಲ್ಲ. ಗಚ್ಚು ನಮಗೆ ಗೊತ್ತು. ಹಳೆಯ ಮನೆಗಳ ಗಚ್ಚಿನ ನೆಲ, ಗಚ್ಚುಗಾರೆಯ ಕಟ್ಟೆ, ಸುಣ್ಣ ಅರೆದು ಮೆತ್ತಿದ ಗೋಡೆ. ಫಾರಸಿಯ ‘ಗಚ್’ ದಖ್ಖನ್ನಿಗೆ ಬಂದು ಕನ್ನಡಕ್ಕೂ ತೆಲುಗಿಗೂ ಒಂದೇ ರೂಪದಲ್ಲಿ ಸೇರಿತು. ಬೌಲಿ ಎಂದರೆ ಬಾವಿ. ಸಂಸ್ಕೃತದ ‘ವಾಪಿ’ ನಮ್ಮ ಬಾಯಲ್ಲಿ ಬಾವಿಯಾಯಿತು, ವಿಜಯಪುರದ ತಾಜ್ ಬಾವಡಿಯಲ್ಲಿ ಬಾವಡಿಯಾಯಿತು, ಹೈದರಾಬಾದಿನ ದಖನಿಯಲ್ಲಿ ಬೌಲಿಯಾಯಿತು. ಈ ನಗರದಲ್ಲಿ ಬೌಲಿಗಳಿಗೆ ಬರವಿಲ್ಲ: ದೂಧ್ ಬೌಲಿ, ರೇತಿ ಬೌಲಿ, ಪುತ್ಲಿ ಬೌಲಿ. ನೀರು ಸೇದುವವರು ಹೋದ ಮೇಲೂ ಹೆಸರು ಬಸ್ಸಿನ ಬೋರ್ಡಿನಲ್ಲಿ ಉಳಿಯಿತು. ಹಾಗಾಗಿ ಗಚ್ಚಿಬೌಲಿ ಅಂದರೆ ಗಚ್ಚಿನ ಬಾವಿ, ಅಷ್ಟೇ.

ಬಾವಿ ದೂರದಿಂದ ಕಾಣುವಂಥದ್ದಲ್ಲ. ಗುಡಿಗೆ ಗೋಪುರ, ಮಸೀದಿಗೆ ಮಿನಾರು, ಕೋಟೆಗೆ ಬುರುಜು ಇದ್ದಂತೆ ಬಾವಿಗೆ ತಲೆಯೆತ್ತುವ ಯಾವ ಅಂಗವೂ ಇಲ್ಲ. ಅಂಚಿಗೆ ಬಂದು ಬಗ್ಗಿದವರಿಗಷ್ಟೇ ಅದು ಕಾಣುತ್ತದೆ. ಅಂಥದರ ಹೆಸರು ಹೊತ್ತ ಊರು ಈಗ ಹೈದರಾಬಾದಿನಲ್ಲೇ ಅತಿ ದೂರದಿಂದ ಕಾಣಿಸುವ ಊರುಗಳಲ್ಲೊಂದು. ಹೊರವರ್ತುಲ ರಸ್ತೆಯಿಂದ ಬರುವವರಿಗೆ ಗಾಜಿನ ಗೋಪುರಗಳ ಸಾಲು ಮೈಲಿಗಟ್ಟಲೆ ಮೊದಲೇ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಮೊದಲು ಇಲ್ಲಿ ತಲೆಯೆತ್ತಿ ನಿಂತಿದ್ದವು ಬಂಡೆಗಳು: ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು, ಒಂದರ ಮೇಲೊಂದು ಕೂತು ಇಂದೋ ನಾಳೆಯೋ ಉರುಳುವಂತೆ ತೋರುವ ಗುಂಡುಗಳು. ಹಂಪಿಯನ್ನೋ ರಾಯಚೂರನ್ನೋ ಕಂಡವರಿಗೆ ಇವು ಪರಿಚಿತ ಮುಖಗಳು.

ಈ ಗೋಪುರಗಳಲ್ಲೊಂದನ್ನು ತೋರಿಸಿ ಇಲ್ಲಿನ ತೆಲುಗರು ಒಂದು ಮಾತು ಹೇಳುತ್ತಾರೆ. ‘ಕೊಟ್ಟೊಚ್ಚಿನಟ್ಟು ಕನಪಡುತೋಂದಿ.’ ಹೊಸದಾಗಿ ಬಂದ ಕನ್ನಡಿಗರ ಕಿವಿಗೆ ಇದರಲ್ಲಿ ‘ಕೊಟ್ಟು’ ಕೇಳಿಸುತ್ತದೆ, ಯಾರು ಯಾರಿಗೆ ಏನು ಕೊಟ್ಟರು ಎಂದು ತಬ್ಬಿಬ್ಬಾಗುತ್ತಾರೆ. ತೆಲುಗಿನ ಕೊಟ್ಟು ಎಂದರೆ ಹೊಡೆ. ನಮ್ಮಲ್ಲಿ ಅದು ಕೊಟ್ಟಣ ಕುಟ್ಟುವಲ್ಲಿ ಉಳಿದುಕೊಂಡಿದೆ. ಹೊಡೆಯಲು ಬಂದ ಹಾಗೆ ಕಾಣಿಸುತ್ತಿದೆ ಎನ್ನುವುದು ತೆಲುಗಿನವರ ಮಾತು. ಅದೇ ಕಟ್ಟಡವನ್ನು ನೋಡಿ ನಾವು ಹೇಳುವುದು ‘ಎದ್ದು ಕಾಣುತ್ತಿದೆ’ ಎಂದು. ಒಂದೇ ಕಣ್ಣು, ಒಂದೇ ಗೋಪುರ. ಅವರಿಗೆ ಅದು ಕೈಯೆತ್ತಿಕೊಂಡು ಮೈಮೇಲೆ ಬರುತ್ತದೆ, ನಮಗೆ ಅದು ಕೂತಲ್ಲಿಂದ ಏಳುತ್ತದೆ.

ಸುಲಭವಾಗಿ ಗಮನಕ್ಕೆ ಬರುವುದನ್ನು ಹೇಳಲು ಕನ್ನಡದಲ್ಲಿ ಒಂದೇ ಒಂದು ಪದವಿಲ್ಲ, ಒಂದು ಹಿಂಡೇ ಇದೆ. ಎದ್ದು ಕಾಣು, ಎದ್ದು ತೋರು, ಕಣ್ಣಿಗೆ ಬೀಳು, ಕಣ್ಣಿಗೆ ಹೊಡೆ, ಕಣ್ಣಿಗೆ ರಾಚು, ಕಣ್ಣು ಕುಕ್ಕು, ಕಣ್ಣು ಕೋರೈಸು, ಕಂಗೊಳಿಸು, ಢಾಳಾಗಿ ಕಾಣು. ನಾನು ಗಮನಿಸಿದಂತೆ ಇವುಗಳಲ್ಲಿ ಹೆಚ್ಚಿನವು ತಟಸ್ಥವಾದ ಮಾತುಗಳಲ್ಲ. ಅವುಗಳಲ್ಲಿ ಕಂಡದ್ದಕ್ಕೆ ಒಂದು ತೀರ್ಪು ಅಂಟಿಕೊಂಡಿದೆ. ಬೆಟ್ಟದ ತಪ್ಪಲಿನ ಗುಡಿ ಕಂಗೊಳಿಸುತ್ತದೆ, ಅಂದರೆ ಕಣ್ಣು ಅದನ್ನು ತಾನಾಗಿ ಕೊಳ್ಳುವಂತೆ ಮಾಡುತ್ತದೆ. ಹೊಸ ಶ್ರೀಮಂತನ ಬಂಗಲೆ ಕಣ್ಣು ಕುಕ್ಕುತ್ತದೆ. ಜಾಹೀರಾತಿನ ಫಲಕ ಕಣ್ಣಿಗೆ ರಾಚುತ್ತದೆ. ಢಾಳ ಎಂದರೆ ಕಾಂತಿ, ಹೊಳಪು. ಆದರೆ ಮದುವೆಮನೆಯಲ್ಲಿ ‘ಸೀರೆ ಸ್ವಲ್ಪ ಢಾಳಾಯಿತು’ ಎಂದು ಯಾರಾದರೂ ಹೇಳಿದರೆ ಅದು ಹೊಗಳಿಕೆಯಲ್ಲ ಎಂದು ಉಟ್ಟವಳಿಗೆ ತಕ್ಷಣ ತಿಳಿಯುತ್ತದೆ. ಎದ್ದು ಕಾಣುವುದಂತೂ ಹೆಚ್ಚುಕಡಿಮೆ ಪಕ್ಷಪಾತವಿಲ್ಲದ ಮಾತು. ಪ್ರತಿಭೆಯೂ ಎದ್ದು ಕಾಣಬಹುದು, ದೋಷವೂ ಎದ್ದು ಕಾಣಬಹುದು.

ಈ ‘ಎದ್ದು’ ಎಲ್ಲಿಂದ ಬಂತು ಎಂದು ಹುಡುಕುವವರಿಗೆ ಗಚ್ಚಿಬೌಲಿಯೇ ಒಳ್ಳೆಯ ಜಾಗ. 1974ರಲ್ಲಿ ಹುಟ್ಟಿ, ನಾಂಪಲ್ಲಿಯ ಬಳಿ ಸರೋಜಿನಿ ನಾಯ್ಡು ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ನಲ್ಲಿ ಪಾಠ ಶುರುಮಾಡಿ, ಆಮೇಲೆ ಇಲ್ಲಿನ ಬಂಡೆಗಾಡಿಗೆ ಬಂದ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ 1986ರಿಂದ 1993ರವರೆಗೆ ಕುಲಪತಿಯಾಗಿದ್ದವರು ಭದ್ರಿರಾಜು ಕೃಷ್ಣಮೂರ್ತಿ. ದ್ರಾವಿಡ ಭಾಷೆಗಳ ಬೇರು ಕೆದಕಿದವರಲ್ಲಿ ಅವರದು ದೊಡ್ಡ ಹೆಸರು. 1961ರಲ್ಲಿ ತೆಲುಗು ಕ್ರಿಯಾಧಾತುಗಳ ಮೇಲಿನ ಪುಸ್ತಕ, 2003ರಲ್ಲಿ ಕೇಂಬ್ರಿಜ್‌ನಿಂದ ಇಡೀ ದ್ರಾವಿಡ ಕುಟುಂಬದ ಮೇಲಿನ ಪುಸ್ತಕ. ಆಡಳಿತದ ಕಡತಗಳ ನಡುವೆ ಕುಳಿತು ‘ಳ’ಕಾರ ‘ಡ’ಕಾರಗಳ ಹಾದಿ ಹಿಡಿದ ಕುಲಪತಿಗಳು ನಮ್ಮ ದೇಶದಲ್ಲಿ ಎಷ್ಟು ಮಂದಿ ಇದ್ದಾರು!

ಹಳಗನ್ನಡದಲ್ಲಿ ಏಳುವುದು ‘ಏೞ್’. ಆ ಅಕ್ಷರವನ್ನು ಇವತ್ತು ಶಾಸನ ಓದುವವರು ಬಿಟ್ಟರೆ ಯಾರೂ ಬರೆಯುವುದಿಲ್ಲ, ಆದರೆ ತಮಿಳರ ಬಾಯಲ್ಲಿ ಆ ಧ್ವನಿ ಇನ್ನೂ ಬದುಕಿದೆ. ಭೂತರೂಪ ‘ಎೞ್ದು’. ವ್ಯಂಜನದ ಮುಂದೆ ೞಕಾರ ನಿಲ್ಲಲಾರದೆ ರೇಫವಾಯಿತು, ಎರ್ದು ಎಂದಾಯಿತು. ರೇಫವೂ ಪಕ್ಕದ ದಕಾರದಲ್ಲಿ ಕರಗಿ ಎದ್ದು ಎಂದಾಯಿತು. ಇದೇ ದಾರಿಯಲ್ಲಿ ‘ಬಿೞ್ದು’ ಬಿರ್ದು ಆಗಿ ಬಿದ್ದು ಆಯಿತು. ಎದ್ದು ಕಾಣುವುದೂ ಕಣ್ಣಿಗೆ ಬೀಳುವುದೂ ಅರ್ಥದಲ್ಲಿ ಒಂದರ ಪಕ್ಕ ಒಂದು ಕೂರುತ್ತವೆ, ಚಲನೆಯಲ್ಲಿ ಒಂದು ಮೇಲಕ್ಕೆ ಒಂದು ಕೆಳಕ್ಕೆ ಹೋಗುತ್ತವೆ, ಮತ್ತೆ ಎರಡೂ ಒಂದೇ ಅಕ್ಷರವನ್ನು ಒಂದೇ ರೀತಿಯಲ್ಲಿ ಕಳೆದುಕೊಂಡಿವೆ. ತೆಲುಗಿನಲ್ಲಿ ಇದೇ ಬೇರು ತಲೆಕೆಳಗಾಯಿತು. ಮೊದಲ ಸ್ವರವೂ ನಂತರದ ವ್ಯಂಜನವೂ ಜಾಗ ಬದಲಿಸಿಕೊಂಡು ‘ಲೇಚು’ ಆಯಿತು. ಲೇಚಿ ನಿಲ್ಲುವ ತೆಲುಗರೂ ಎದ್ದು ನಿಲ್ಲುವ ಕನ್ನಡಿಗರೂ ಒಂದೇ ಮಾತಾಡುತ್ತಿದ್ದಾರೆ ಎಂದು ಗಚ್ಚಿಬೌಲಿಯ ಬಸ್‌ ಸ್ಟಾಪಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ನಮ್ಮ ‘ಎಚ್ಚರ’ ಕೂಡ ಇದೇ ಬೇರಿನದು. ವಸ್ತು ಏಳುತ್ತದೆ, ನೋಡುವವನೂ ಏಳುತ್ತಾನೆ.

ಇನ್ನು ‘ಕಾಣು’. ಕಣ್ಣಿಗೂ ಕಾಣುವುದಕ್ಕೂ ದ್ರಾವಿಡದಲ್ಲಿ ಹೊಕ್ಕುಳಬಳ್ಳಿಯ ನಂಟು. ಆ ನಂಟಿನ ವ್ಯಾಕರಣದಲ್ಲಿ ಒಂದು ವಿಚಿತ್ರವಿದೆ. ‘ನಾನು ಗೋಪುರವನ್ನು ಕಂಡೆ’ ಎನ್ನಬಹುದು, ‘ಗೋಪುರ ನನಗೆ ಕಂಡಿತು’ ಎಂದೂ ಎನ್ನಬಹುದು. ಎರಡನೆಯದರಲ್ಲಿ ಕಾಣುವ ಕೆಲಸ ಮಾಡಿದ್ದು ಗೋಪುರ. ನೋಡುವುದು ನಮ್ಮ ಕೈಯಲ್ಲಿದೆ, ಕಾಣುವುದು ನಮ್ಮ ಕೈಯಲ್ಲಿಲ್ಲ. ‘ನೋಡಿದೆ, ಆದರೆ ಕಾಣಲಿಲ್ಲ’ ಎನ್ನುವ ವಾಕ್ಯ ಕನ್ನಡದ ಮಗುವಿಗೂ ಅರ್ಥವಾಗುತ್ತದೆ.

ವಿಭಕ್ತಿಯೊಂದು ಬದಲಾದರೆ ಈ ಲೋಕವೇ ಬದಲಾಗುತ್ತದೆ. ‘ಆ ಜಮೀನು ಅವನ ಕಣ್ಣಿಗೆ ಬಿತ್ತು’ ಎಂದರೆ ಅವನು ಅದನ್ನು ಗಮನಿಸಿದ, ಅಷ್ಟೇ. ‘ಆ ಜಮೀನಿನ ಮೇಲೆ ಅವನ ಕಣ್ಣು ಬಿತ್ತು’ ಎಂದರೆ ಇನ್ನು ಆ ಜಮೀನು ಉಳಿಯುವುದಿಲ್ಲ. ಮೊದಲನೆಯದರಲ್ಲಿ ವಸ್ತು ಬೀಳುತ್ತದೆ, ಎರಡನೆಯದರಲ್ಲಿ ಕಣ್ಣೇ ಬೀಳುತ್ತದೆ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವುದು ಈ ಎರಡನೆಯ ಬೀಳುವಿಕೆಗೆ ಹೆದರಿ. ಗಚ್ಚಿಬೌಲಿಯಲ್ಲಿ ಅರ್ಧ ಎದ್ದ ಕಟ್ಟಡಗಳಿಗೂ ಇದೇ ಭಯ. ಹಲ್ಲು ಕಿರಿದ ರಾಕ್ಷಸನ ಮುಖ, ಬೂದುಗುಂಬಳಕಾಯಿ, ಕಟ್ಟಡದ ನೆತ್ತಿಯಿಂದ ಇಳಿಬಿಟ್ಟಿರುತ್ತವೆ. ಬೆಂಗಳೂರಿನಲ್ಲಿ ದೃಷ್ಟಿಗೊಂಬೆ, ಇಲ್ಲಿ ದಿಷ್ಟಿಬೊಮ್ಮ. ಕಟ್ಟಡಕ್ಕಿಂತ ಮೊದಲು ಬೊಂಬೆ ಕಣ್ಣಿಗೆ ಬೀಳಲಿ, ಬಿದ್ದ ಕಣ್ಣು ಅಲ್ಲೇ ಖರ್ಚಾಗಿಹೋಗಲಿ ಎಂಬ ಲೆಕ್ಕ. ಕೋಟ್ಯಂತರ ರೂಪಾಯಿ ಸುರಿದು ನಾಲ್ಕು ಊರಿಗೆ ಕಾಣುವ ಹಾಗೆ ಕಟ್ಟಿಸಿ, ಕೊನೆಗೆ ಯಾರೂ ನೋಡದಿರಲಿ ಎಂದು ಬೊಂಬೆ ಕಟ್ಟುವವರ ಮನಸ್ಸನ್ನು ನಾನು ಗೇಲಿ ಮಾಡಲಾರೆ. ಎದ್ದು ಕಾಣುವ ಆಸೆ, ಎದ್ದು ಕಂಡೇವು ಎಂಬ ಅಂಜಿಕೆ, ಎರಡೂ ನಮ್ಮಲ್ಲಿ ಒಂದೇ ಮಾಳಿಗೆಯ ಮೇಲೆ ಇರುತ್ತವೆ.

ಜಮೀನಿನ ಮೇಲೆ ಕಣ್ಣು ಬೀಳುವ ಮಾತು ಬಂತಲ್ಲ, ಅದಕ್ಕೆ ಇಲ್ಲಿಯೇ ಒಂದು ಕಥೆಯಿದೆ. ವಿಶ್ವವಿದ್ಯಾಲಯಕ್ಕೆಂದು ಎಪ್ಪತ್ತರ ದಶಕದಲ್ಲಿ ತೆಗೆದಿಟ್ಟದ್ದು ಸುಮಾರು 2,300 ಎಕರೆ. ಅದಕ್ಕೆ ತಾಗಿದಂತೆ ‘ಕಂಚ ಗಚ್ಚಿಬೌಲಿ’ ಎಂಬ ದಾಖಲೆಯ ಹೆಸರಿನಲ್ಲಿ 400 ಎಕರೆ ಕುರುಚಲು ಕಾಡು. ತೆಲಂಗಾಣದ ಮಾತಿನಲ್ಲಿ ಕಂಚ ಎಂದರೆ ದನ ಮೇಯಲು ಬಿಟ್ಟ ಬೇಲಿಯೊಳಗಿನ ಬಯಲು. ನಮ್ಮ ಹಳೆ ಮೈಸೂರಿನ ಗೋಮಾಳ, ಉತ್ತರದ ಕಡೆಯ ಗಾಯರಾಣ. ಈ 400 ಎಕರೆ 2003-04ರಲ್ಲಿ ಕ್ರೀಡಾ ಸೌಕರ್ಯದ ಹೆಸರಿನಲ್ಲಿ ಖಾಸಗಿಯವರಿಗೆ ಹೋಯಿತು, 2006ರಲ್ಲಿ ಆ ಹಂಚಿಕೆ ರದ್ದಾಯಿತು, ವ್ಯಾಜ್ಯ ವರ್ಷಗಟ್ಟಲೆ ನಡೆದು 2024ರಲ್ಲಿ ರಾಜ್ಯ ಸರ್ಕಾರದ ಪರವಾಗಿ ಮುಗಿಯಿತು. ಅಷ್ಟು ವರ್ಷ ಅಲ್ಲಿ ನವಿಲೂ ಚುಕ್ಕೆ ಜಿಂಕೆಯೂ ಯಾರ ಕಣ್ಣಿಗೂ ಬೀಳದೆ ಬದುಕಿದ್ದವು. 2025ರ ಮಾರ್ಚ್ ಕೊನೆಯಲ್ಲಿ ಬುಲ್‌ಡೋಜರುಗಳು ಒಳಹೊಕ್ಕವು. ವಿದ್ಯಾರ್ಥಿಗಳು ಅಡ್ಡ ನಿಂತರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡು ಮರ ಕಡಿಯುವುದನ್ನು ನಿಲ್ಲಿಸಿತು. ಆ ನಾಲ್ಕೈದು ದಿನಗಳಲ್ಲಿ ಇಡೀ ದೇಶದ ಮೊಬೈಲುಗಳಲ್ಲಿ ಆ ಬಯಲು ಓಡಾಡಿತು. ನಿಜವಾದ ಚಿತ್ರಗಳ ಜೊತೆ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಚಿತ್ರಗಳೂ ಸೇರಿಕೊಂಡವು ಎಂದು ಸರ್ಕಾರ ದೂರಿತು. ಯಾರ ಲೆಕ್ಕದಲ್ಲೂ ಇರದ ಮೇವುಗಾಡು ಒಮ್ಮೆಲೇ ಎಲ್ಲರಿಗೂ ಗೋಚರವಾಯಿತು.

‘ಗೋಚರ’ ಎಂದು ಬೇಕೆಂದೇ ಬರೆದೆ. ಕಣ್ಣಿಗೆ ಕಾಣುವುದು ಎಂಬ ಅರ್ಥದಲ್ಲಿ ನಾವು ದಿನವೂ ಬಳಸುವ ಈ ಸಂಸ್ಕೃತ ಪದದ ಮೊದಲ ಅರ್ಥ ಗೋವು ಚರಿಸುವ ಜಾಗ, ಹುಲ್ಲುಗಾವಲು. ದನ ಎಲ್ಲಿಯವರೆಗೆ ಮೇಯುತ್ತಾ ಹೋಗುತ್ತದೋ ಅದು ಅದರ ಗೋಚರ. ಹಾಗೆಯೇ ಕಣ್ಣು ಎಲ್ಲಿಯವರೆಗೆ ಮೇಯುತ್ತದೋ ಅದು ಕಣ್ಣಿನ ಗೋಚರ. ಹೀಗೆ ಹುಲ್ಲುಗಾವಲು ದೃಷ್ಟಿಯ ವ್ಯಾಪ್ತಿಯಾಯಿತು, ವ್ಯಾಪ್ತಿ ಹೋಗಿ ‘ಕಾಣುವಂಥದ್ದು’ ಉಳಿಯಿತು. ಪಾಣಿನಿಯ ಒಂದು ಸೂತ್ರ ಗೋಚರವನ್ನು ಕೆಲವು ಸ್ಥಳವಾಚಕಗಳ ಜೊತೆ ಸಾಲಾಗಿ ಕೂರಿಸುತ್ತದೆ. ದನದ ಕೊಟ್ಟಿಗೆಯಾದ ವ್ರಜ ಅಲ್ಲಿದೆ, ಅಂಗಡಿಯಾದ ಆಪಣ ಅಲ್ಲಿದೆ, ಸಾಲಿನ ಕೊನೆಯಲ್ಲಿ ನಿಗಮ. ಕಂಚ ಗಚ್ಚಿಬೌಲಿಯ ಗೋಚರದ ಮೇಲೆ ಕಣ್ಣಿಟ್ಟದ್ದು ಕೂಡ ಒಂದು ನಿಗಮ, ಕೈಗಾರಿಕಾ ಮೂಲಸೌಕರ್ಯ ನಿಗಮ. ಪಾಣಿನಿ ಇದನ್ನು ಊಹಿಸಿರಲಾರ, ಬಿಡಿ.

ಕಣ್ಣು ಮೇಯುತ್ತದೆ ಎನ್ನುವ ಸಂಸ್ಕೃತ ‘ಗಮನ’ವನ್ನೂ ನಮಗೆ ಕೊಟ್ಟಿದೆ. ಅಲ್ಲಿ ಅದರ ಅರ್ಥ ಹೋಗುವುದು, ಅಷ್ಟೇ. ಕನ್ನಡವೂ ತೆಲುಗೂ ಅದನ್ನು ಮನಸ್ಸು ಹೋಗುವುದು ಎಂದು ಹಿಗ್ಗಿಸಿಕೊಂಡು ಗಮನಿಸತೊಡಗಿದವು. ಹಿಂದಿಯವರಿಗೆ ಈ ಅರ್ಥ ಗೊತ್ತಿಲ್ಲ, ಅವರಿಗೆ ಗಮನ ಇನ್ನೂ ನಡಿಗೆಯೇ.

ಹೈದರಾಬಾದಿನಲ್ಲಿ ನಿಂತು ಕಾಣುವ ಮಾತಾಡುವಾಗ ಉರ್ದುವನ್ನು ಬಿಟ್ಟು ಹೋಗಲಾಗದು. ಎದ್ದು ಕಾಣುವುದಕ್ಕೆ ಉರ್ದುವಿನ ಪದ ‘ನುಮಾಯಾಁ’. ತೋರಿಸು ಎಂಬ ಅರ್ಥದ ಫಾರಸಿ ಧಾತುವಿನಿಂದ ಬಂದದ್ದು. ಅದೇ ಧಾತುವಿನ ಇನ್ನೊಂದು ಮಗು ‘ನುಮಾಯಿಷ್’. ಪ್ರತಿ ಜನವರಿ ಬಂತೆಂದರೆ ನಾಂಪಲ್ಲಿಯ ಮೈದಾನದಲ್ಲಿ ಇಡೀ ನಗರ ಸೇರುವ ವಸ್ತುಪ್ರದರ್ಶನ. 1938ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಶುರುವಾದಾಗ ಅದು ಸಂಸ್ಥಾನದ ಸ್ವದೇಶಿ ಸರಕುಗಳ ಪ್ರದರ್ಶನವಾಗಿತ್ತು. ಆ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಇದ್ದವು. 1956ರ ನವೆಂಬರ್ 1ರವರೆಗೆ ಅಲ್ಲಿನ ಕನ್ನಡಿಗರಿಗೆ ರಾಜಧಾನಿ ಹೈದರಾಬಾದೇ.

ನುಮಾಯಿಷ್ ನಮಗೆ ಪರಕೀಯ ಪದ ಅನ್ನಿಸಬಹುದು. ಆದರೆ ಅದೇ ಧಾತುವಿನ ಇನ್ನೆರಡು ಮಕ್ಕಳು ನಮ್ಮ ಮನೆಯಲ್ಲೇ ಬೆಳೆದು, ಹುಟ್ಟುಕನ್ನಡದವರಂತೆ ಓಡಾಡಿಕೊಂಡಿವೆ. ಒಂದು ‘ನಮೂನೆ’. ತೋರಿಸಲೆಂದು ಇಟ್ಟ ಮಾದರಿ, ಅಲ್ಲಿಂದ ಬಗೆ, ಅಲ್ಲಿಂದ ಸರ್ಕಾರಿ ಅರ್ಜಿಯ ಫಾರಂ. ಇನ್ನೊಂದು ‘ನಮೂದು’. ‘ಈ ಕೆಳಗಿನ ಕಾಲಂನಲ್ಲಿ ನಮೂದಿಸಿ’ ಎಂದು ತಾಲ್ಲೂಕು ಕಚೇರಿ ಕೇಳಿದಾಗ ಅದು ಕೇಳುತ್ತಿರುವುದು ‘ಕಾಣುವಂತೆ ಮಾಡಿ’ ಎಂದು. ನಮೂನೆಯಲ್ಲಿ ನಮೂದಾಗದವನು ಸರ್ಕಾರಕ್ಕೆ ಕಾಣುವುದಿಲ್ಲ. ಅದೇ ಕಚೇರಿಯ ‘ಪಹಣಿ’ ಮರಾಠಿಯ ಪಾಹಣೆಯಿಂದ ಬಂದದ್ದು, ಪಾಹಣೆ ಎಂದರೆ ನೋಡುವುದು. ಶಾನುಭೋಗರು ಹೊಲಕ್ಕೆ ಹೋಗಿ ಬೆಳೆ ನೋಡಿ ಬರೆದದ್ದು ಪಹಣಿ. ‘ಜಾಹೀರಾತು’ ಅರಬ್ಬಿಯ ಜಾಹಿರ್‌ನಿಂದ ಬಂತು, ಹೊರಗೆ ಕಾಣುವಂಥದ್ದು ಎಂದು ಅರ್ಥ. ಕಂದಾಯದವರ ಕನ್ನಡವೂ ವ್ಯಾಪಾರಿಗಳ ಕನ್ನಡವೂ ಹೀಗೆ ಬರೀ ಕಣ್ಣಿನ ಪದಗಳಿಂದ ತುಂಬಿವೆ. ಆಳುವವರಿಗೂ ಮಾರುವವರಿಗೂ ಬೇಕಾಗಿರುವುದು ಕೊನೆಗೆ ಅದೊಂದೇ.

ಕಿವಿಗೂ ಒಂದು ಪಾಲಿದೆ. ದೊಡ್ಡಸ್ತಿಕೆಯ ಪ್ರದರ್ಶನಕ್ಕೆ ನಾವು ಹೇಳುವ ‘ಆಡಂಬರ’ ವೇದಕಾಲದ ಗ್ರಂಥಗಳಲ್ಲಿ ಒಂದು ಬಗೆಯ ನಗಾರಿಯ ಹೆಸರು. ನಗಾರಿಯ ಸದ್ದು, ಸದ್ದಿನ ಗದ್ದಲ, ಗದ್ದಲದ ಮೆರವಣಿಗೆ, ಕೊನೆಗೆ ಮೆರೆದಾಟ. 1899ರಲ್ಲಿ ಅಮೆರಿಕದ ಥಾರ್ಸ್ಟೀನ್ ವೆಬ್ಲೆನ್ ಹಣವಂತರು ಇತರರಿಗೆ ಕಾಣಲೆಂದೇ ಮಾಡುವ ಖರ್ಚಿಗೆ ಹೆಸರಿಡುವಾಗ ‘ಕಾನ್‌ಸ್ಪಿಕ್ಯುಅಸ್’, ಅಂದರೆ ಎದ್ದು ಕಾಣುವ, ಎಂಬ ವಿಶೇಷಣ ಹಚ್ಚಿದರು, ಆ ಪದಗುಚ್ಛ ಅರ್ಥಶಾಸ್ತ್ರದಲ್ಲಿ ನೆಲೆಯಾಯಿತು. ಅದನ್ನು ಆಡಂಬರದ ಭೋಗ ಎಂದು ಕರೆದರೆ ವೆಬ್ಲೆನ್ನರ ವ್ಯಂಗ್ಯದ ಜೊತೆಗೆ ಒಂದು ನಗಾರಿಯೂ ಉಚಿತವಾಗಿ ಸಿಗುತ್ತದೆ.

ಆ ಇಂಗ್ಲಿಷ್ ಪದದ ವಂಶಾವಳಿಯನ್ನು ತೆರೆದರೆ ನಮ್ಮ ನೆಂಟರೇ ಎದುರಾಗುತ್ತಾರೆ. ಲ್ಯಾಟಿನ್ನಿನ ‘ಸ್ಪೆಕೆರೆ’ ಎಂದರೆ ನೋಡು. ಸಂಸ್ಕೃತದ ‘ಸ್ಪಶ್’ ಅದರ ಅಕ್ಕನೋ ತಂಗಿಯೋ. ಋಗ್ವೇದದ ವರುಣನಿಗೆ ಸುತ್ತ ಕೂತು ಲೋಕವನ್ನು ಕಾಯುವ ಗೂಢಚಾರರಿದ್ದಾರೆ, ಅವರ ಹೆಸರು ಸ್ಪಶರು. ಇಂಗ್ಲಿಷಿನ ‘ಸ್ಪೈ’ ಅದೇ ಬೇರಿನದು. ಆ ಸ್ಪಶ್ ಧಾತುವಿನಿಂದ ಬಂದ ಭೂತಕೃದಂತ ‘ಸ್ಪಷ್ಟ’. ನೋಡಲ್ಪಟ್ಟದ್ದು, ಆದ್ದರಿಂದ ಸ್ಪಷ್ಟ. ‘ಸ್ಪಷ್ಟವಾಗಿ ಹೇಳ್ರೀ’ ಎಂದು ಗದರುವ ಮೇಷ್ಟ್ರು ಗೊತ್ತಿಲ್ಲದೆಯೇ ವರುಣನ ಗೂಢಚಾರರನ್ನು ಕರೆಯುತ್ತಿರುತ್ತಾರೆ. ಈ ಬೇರಿನ ಮತ್ತೊಂದು ಕೊಂಬೆ ಇಂಗ್ಲಿಷಿನ ‘ಆಸ್ಪಿಷಸ್’, ಶುಭ ಎಂದು ಅರ್ಥ. ರೋಮಿನಲ್ಲಿ ಹಕ್ಕಿಗಳ ಹಾರಾಟ ನೋಡಿ ಮುಂದಾಗುವುದನ್ನು ಹೇಳುತ್ತಿದ್ದರು. ಹಕ್ಕಿ ನೋಡುವುದೇ ಆ ಪದದ ಒಳಗಿದೆ. ನಮ್ಮ ‘ಶಕುನ’ದ ಮೂಲಾರ್ಥವೂ ಹಕ್ಕಿಯೇ. ರೋಮಿನ ಪುರೋಹಿತನೂ ನಮ್ಮ ಹಾಲಕ್ಕಿ ನುಡಿ ಕೇಳುವವನೂ ಒಂದೇ ಆಕಾಶವನ್ನು ದಿಟ್ಟಿಸಿದವರು.

ಇಂಥ ಪದಗಳ ಬದುಕು ಸುಖವಾಗಿರುವುದಿಲ್ಲ. ಗುಂಪಿನಿಂದ ಬೇರೆಯಾಗಿ ಕಾಣುವುದನ್ನು ಜನ ಮೊದಲು ಮೆಚ್ಚುತ್ತಾರೆ, ಆಮೇಲೆ ಅನುಮಾನಿಸುತ್ತಾರೆ. ಪದವೂ ಜೊತೆಯಲ್ಲೇ ಜಾರುತ್ತದೆ. ಸಂಸ್ಕೃತದಲ್ಲಿ ‘ವಿಚಿತ್ರ’ ಎಂದರೆ ಬಹುಬಣ್ಣದ್ದು, ಬೆರಗು ಹುಟ್ಟಿಸುವಂಥದ್ದು. ಇವತ್ತು ‘ವಿಚಿತ್ರ ಮನುಷ್ಯ’ ಎಂದರೆ ಅವನ ಪಕ್ಕ ಕೂರಲು ಹಿಂಜರಿಯುತ್ತೇವೆ. ಬೇರೆಯದೇ ಲಕ್ಷಣವಿರುವ ‘ವಿಲಕ್ಷಣ’ಕ್ಕೂ ಅದೇ ಗತಿ. ಇಂಗ್ಲಿಷಿನಲ್ಲಿ ಹಿಂಡಿನಿಂದ ಎದ್ದು ನಿಂತವನು ಎಂಬ ಅರ್ಥದ ‘ಎಗ್ರೀಜಿಯಸ್’ ಒಂದು ಕಾಲಕ್ಕೆ ಹೊಗಳಿಕೆ, ಈಗ ಬೈಗುಳ. ನಮ್ಮಲ್ಲಿ ‘ಊರಿಗೊಬ್ಬಳೇ ಪದ್ಮಾವತಿ’ ಎಂಬ ಮಾತಿದೆ. ಇದನ್ನು ಯಾವ ಪದ್ಮಾವತಿಯೂ ಪ್ರಶಂಸೆಯೆಂದು ತೆಗೆದುಕೊಳ್ಳುವುದಿಲ್ಲ.

ಗಾದೆಯೂ ಇದನ್ನೇ ಹೇಳುತ್ತದೆ. ತೀರಾ ಎದ್ದು ಕಾಣುವುದಕ್ಕೆ ಸಾಕ್ಷಿ ಯಾಕೆ ಎಂದು ಹಿಂದಿಯವರು ಕೇಳುವಾಗ ಕೈಗೆ ಕಂಕಣ ತೊಡಿಸಿ ‘ಕೈ ಕಂಕಣಕ್ಕೆ ಕನ್ನಡಿಯೇಕೆ’ ಎನ್ನುತ್ತಾರೆ. ಅದೇ ಅಂಗೈ, ಅದೇ ಕನ್ನಡಿ. ನಾವು ಮಾತ್ರ ಕಂಕಣ ಬಿಟ್ಟು ಹುಣ್ಣನ್ನು ಆರಿಸಿಕೊಂಡೆವು: ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇದಕ್ಕೆ ಎದುರಾಗಿ, ಕಾಣದಿರುವುದಕ್ಕೆ ನಾವು ಕೊಟ್ಟ ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಎಲೆಮರೆಯ ಕಾಯಿ. ಹಣ್ಣಾಗುವುದು, ಆದರೆ ಕಣ್ಣಿಗೆ ಬೀಳದಿರುವುದು. ನಮ್ಮ ಸನ್ಮಾನ ಸಮಾರಂಭಗಳಲ್ಲಿ ಈ ಮಾತು ಬಾರದೆ ಭಾಷಣ ಮುಗಿಯುವುದಿಲ್ಲ. ಎಲೆಮರೆಯ ಕಾಯಿಯಂತೆ ದುಡಿದ ಹಿರಿಯರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಆಳೆತ್ತರದ ಫ್ಲೆಕ್ಸಿನಲ್ಲಿ ಭಾವಚಿತ್ರ ಹಾಕಿ, ವೇದಿಕೆಯ ಮಧ್ಯೆ ಕೂರಿಸುತ್ತೇವೆ. ಎಲೆಯೂ ಉಳಿಯುವುದಿಲ್ಲ, ಮರೆಯೂ ಉಳಿಯುವುದಿಲ್ಲ.

ಪತ್ರಿಕೆಯವರ ಕನ್ನಡದಲ್ಲಿ ಎದ್ದು ಕಾಣುವುದಕ್ಕೆ ಇನ್ನೊಂದು ಸೇವೆ ಇದೆ. ‘ಸಭೆಯಲ್ಲಿ ಸಚಿವರ ಗೈರುಹಾಜರಿ ಎದ್ದು ಕಾಣುತ್ತಿತ್ತು.’ ಇಲ್ಲದವರು ಏಳುವುದು ಹೇಗೆ ಎಂದು ಕೇಳಬೇಡಿ. ಇದು ಹೊರಗಿನಿಂದ ಬಂದದ್ದು, ಹಳೆಯದು. ಬ್ರೂಟಸ್‌ನ ತಂಗಿ, ಕ್ಯಾಸಿಯಸ್‌ನ ಹೆಂಡತಿ ಜೂನಿಯಾಳ ಶವಯಾತ್ರೆಯಲ್ಲಿ ಮನೆತನದ ಹಿರಿಯರ ಪ್ರತಿಮೆಗಳನ್ನೆಲ್ಲ ಹೊತ್ತು, ಸೀಸರನ ಕೊಲೆಗಾರರಾದ ಆ ಇಬ್ಬರದನ್ನು ಮಾತ್ರ ಬಿಟ್ಟಿದ್ದರು; ಕಾಣದ್ದರಿಂದಲೇ ಅವರಿಬ್ಬರು ಎಲ್ಲರಿಗಿಂತ ಹೊಳೆದರು ಎಂದು ಇತಿಹಾಸಕಾರ ಟಾಸಿಟಸ್ ಬರೆದ. 1859ರಲ್ಲಿ ಲಾರ್ಡ್ ಜಾನ್ ರಸೆಲ್ ಇದನ್ನು ಇಂಗ್ಲಿಷಿನ ನುಡಿಗಟ್ಟಾಗಿಸಿದರು. ಅಲ್ಲಿಂದ ಅದು ಕನ್ನಡದ ವರದಿಗಾರರ ಮೇಜಿಗೆ ಬಂತು. ನನಗೆ ಈ ಅನುವಾದದ ಬಗ್ಗೆ ದೂರಿಲ್ಲ, ಅದು ಬೇರೂರಿಬಿಟ್ಟಿದೆ. ಗಚ್ಚಿಬೌಲಿಯಲ್ಲಿ ‘ಬಾವಿ ಎಲ್ಲಿದೆ’ ಎಂದು ಕೇಳುವವರಿಗಂತೂ ಇದಕ್ಕಿಂತ ಒಳ್ಳೆಯ ವಾಕ್ಯ ಸಿಗಲಾರದು.

ಈ ಊರಿನಲ್ಲಿ ಕನ್ನಡಿಗರು ಎದ್ದು ಕಾಣುತ್ತಾರೆಯೇ? ಅಷ್ಟಾಗಿ ಇಲ್ಲ, ಅದಕ್ಕೆ ಲಿಪಿಯೂ ಒಂದು ಕಾರಣ. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು, ಶತಮಾನಗಳ ಕಾಲ ಒಂದೇ ಹೊಟ್ಟೆಯಲ್ಲಿದ್ದವು. ತೆಲುಗಿನಲ್ಲಿ ಬರೆದ ‘ಗಚ್ಚಿಬೌಲಿ’ ಬೋರ್ಡನ್ನು ಕನ್ನಡಿಗರು ತಡವರಿಸದೆ ಓದಬಲ್ಲರು. ಚೆನ್ನೈಯಲ್ಲೋ ಪುಣೆಯಲ್ಲೋ ಕನ್ನಡದ ಒಂದು ಸಾಲು ಗೋಡೆಯ ಮೇಲೆ ಕಂಡರೆ ಎದೆ ಹಾರುತ್ತದೆ. ಇಲ್ಲಿ ಕನ್ನಡದ ಸಾಲು ತೆಲುಗಿನ ಸಾಲುಗಳ ನಡುವೆ ಸಕ್ಕರೆ ಹಾಲಿನಲ್ಲಿ ಕರಗಿದಂತೆ ಕರಗಿಹೋಗುತ್ತದೆ. ಹಳೆಯ ನಗರದ ಕಡೆ, ಕಾಚಿಗುಡದಲ್ಲಿ, ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಶಾಲೆಯಿದೆ. ಅವು ನಿಜಾಮರ ಕಾಲದ ಕನ್ನಡಿಗರ ನೆನಪನ್ನು ಹೊತ್ತವು. ಗಚ್ಚಿಬೌಲಿಯ ಕನ್ನಡಿಗರು ಬೇರೆ. ಒಂದು ಕಡೆ ಸಾಫ್ಟ್‌ವೇರಿನವರು, ಕೊರಳಲ್ಲಿ ಗುರುತಿನ ಚೀಟಿ. ಇನ್ನೊಂದು ಕಡೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಬೀದರ್ ಇಲ್ಲಿಂದ ಸುಮಾರು 140 ಕಿ.ಮೀ., ಬೆಂಗಳೂರಿಗೆ ಹೋಗುವುದಕ್ಕಿಂತ ಇಲ್ಲಿಗೆ ಬರುವುದು ಎಷ್ಟೋ ಹತ್ತಿರ.

ಆ ಕೆಲಸಗಾರರ ಮೈಮೇಲಿನ ಹಳದಿ-ಹಸಿರು ಜಾಕೆಟ್ಟು ವಿಜ್ಞಾನದ ಲೆಕ್ಕದಲ್ಲಿ ಈ ಊರಿನಲ್ಲೇ ಅತಿ ಹೆಚ್ಚು ಎದ್ದು ಕಾಣುವ ಬಟ್ಟೆ. ಹಗಲು ಬೆಳಕಿನಲ್ಲಿ ಮನುಷ್ಯನ ಕಣ್ಣು ಹೆಚ್ಚು ಚುರುಕಾಗಿರುವುದು ಸುಮಾರು 555 ನ್ಯಾನೋಮೀಟರ್ ತರಂಗದ ಬೆಳಕಿಗೆ, ಅದು ಹಳದಿ ಬೆರೆತ ಹಸಿರು. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಹೊರಬಿಡುವ ಬಣ್ಣವನ್ನು ಆ ಬಟ್ಟೆಗೆ ಹಾಕಿರುತ್ತಾರೆ. ಹಾಗಾಗಿ ಅದು ತನ್ನ ಮೇಲೆ ಬಿದ್ದ ಬೆಳಕಿಗಿಂತ ಹೆಚ್ಚು ಹೊಳೆದಂತೆ ಕಾಣುತ್ತದೆ. ಕ್ರೇನಿನ ಚಾಲಕನಿಗೆ, ಲಾರಿಯವನಿಗೆ ಅದು ಕಾಣಲೇಬೇಕು. ಅದನ್ನು ತೊಟ್ಟವರು ಸಂಜೆ ಅದನ್ನು ಕಳಚಿ ಊಟಕ್ಕೆ ಕೂತಾಗ ಆಡುವ ‘ಎದ್ದ್ ಕಾಣ್ತದ’ದ ಕನ್ನಡ ಪಕ್ಕದ ಗೋಪುರದ ಬೆಂಗಳೂರು ಕನ್ನಡಕ್ಕೆ ಕೇಳಿಸುವುದು ಅಪರೂಪ.

‘ಎದ್ದು ಕಾಣುವ’ ಎಂಬ ಮಾತಿಗೆ ನಿಜವಾದ ಬಿಸಿ ಇರುವುದು ಕಾನೂನಿನಲ್ಲಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಪ್ರತಿವಾದಿ ಕೈಗೆ ಸಿಗದಿದ್ದರೆ ಅಥವಾ ಸಮನ್ಸ್ ತೆಗೆದುಕೊಳ್ಳಲು ಒಪ್ಪದಿದ್ದರೆ, ಅವನ ಮನೆಯ ಹೊರಬಾಗಿಲಿಗೋ ಎದ್ದು ಕಾಣುವ ಬೇರೆ ಭಾಗಕ್ಕೋ ಅದನ್ನು ಅಂಟಿಸಬೇಕು. ಅಂಟಿಸಿದರೆ ಅವನಿಗೆ ಗೊತ್ತಾಯಿತೆಂದೇ ನ್ಯಾಯಾಲಯ ಭಾವಿಸಬಹುದು. ಅವನಿಗೆ ಗೊತ್ತಾಗಲಿ ಬಿಡಲಿ, ಬೀದಿಗೆಲ್ಲ ಗೊತ್ತಾಗುತ್ತದೆ. ಅಮೀನ ಬಂದು ಬಾಗಿಲಿಗೆ ಕಾಗದ ಅಂಟಿಸಿಹೋದ ಮನೆಯವರಿಗೆ ಎದ್ದು ಕಾಣುವುದರ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲೆಂಡಿನ ನ್ಯಾಯಮೂರ್ತಿ ಡೆನ್ನಿಂಗ್ 1956ರ ಒಂದು ಮೊಕದ್ದಮೆಯಲ್ಲಿ, ಕೆಲವು ಷರತ್ತುಗಳು ಎಷ್ಟು ಕಠಿಣವೆಂದರೆ ಅವನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿ ಕೆಂಪು ಕೈಯೊಂದು ಬೆರಳು ತೋರಿಸುವಂತಿರಬೇಕು ಎಂಬ ಅಭಿಪ್ರಾಯ ಕೊಟ್ಟರು. ಒಪ್ಪಂದಕ್ಕೆ ಒಳಪಡುವವನ ಕಣ್ಣಿಗೆ ಬೀಳದ ಷರತ್ತು ಅವನನ್ನು ಕಟ್ಟಿಹಾಕಬಾರದು ಎನ್ನುವುದು ಅದರ ತಿರುಳು.

ಇತ್ತೀಚೆಗೆ ಶಾಸಕರು ಎದ್ದು ಕಾಣುವುದನ್ನು ಅಳೆಯಲೂ ಹೊರಟಿದ್ದಾರೆ. ಸಿಗರೇಟು ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವೂ ಬರಹವೂ ಸೇರಿ 2016ರ ಏಪ್ರಿಲ್‌ನಿಂದ ಶೇ 85ರಷ್ಟು ಜಾಗ ಹಿಡಿಯಬೇಕು. ಕರ್ನಾಟಕದ 2024ರ ತಿದ್ದುಪಡಿಯಂತೆ ಅಂಗಡಿ ಮುಂಗಟ್ಟಿನ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಸ್ಕೇಲು ಹಿಡಿದು ಅಳೆಯಬಹುದಾದ ಮಾತು. ಆದರೆ ಮನೆ ಕಟ್ಟಿ ಮಾರುವವರ ಮೇಲಿನ 2016ರ ರೇರಾ ಕಾಯ್ದೆಯಲ್ಲಿ ಅಳತೆ ಬರಲಿಲ್ಲ, ಮಾತಷ್ಟೇ ಬಂತು. ರೇರಾ ಪ್ರಾಧಿಕಾರದ ಜಾಲತಾಣದ ವಿಳಾಸವನ್ನು ಜಾಹೀರಾತಿನಲ್ಲಿ ಎದ್ದು ಕಾಣುವಂತೆ ನಮೂದಿಸಬೇಕು ಎಂದು ಅದರ 11ನೆಯ ಕಲಮು ಹೇಳುತ್ತದೆ. ಖರೀದಿಸುವವರು ಅಲ್ಲಿ ಹೋಗಿ ಯೋಜನೆಯ ಅನುಮತಿ, ನಕ್ಷೆ, ಕೆಲಸ ಎಲ್ಲಿಗೆ ಬಂತು ಎಂಬುದನ್ನೆಲ್ಲ ತಾವೇ ನೋಡಿಕೊಳ್ಳಲಿ ಎಂದು. ಗಚ್ಚಿಬೌಲಿಯ ರಸ್ತೆಬದಿಯ ಫಲಕಗಳಲ್ಲಿ ನಲವತ್ತನೆಯ ಮಹಡಿಯ ಈಜುಕೊಳ ನೀಲಿಯಾಗಿ ಕಣ್ಣಿಗೆ ರಾಚುತ್ತದೆ, ಅದರ ಪಕ್ಕ ನಗುವ ಕುಟುಂಬ ಆಳೆತ್ತರಕ್ಕಿರುತ್ತದೆ. ಆ ವಿಳಾಸ ಯಾವ ಮೂಲೆಯಲ್ಲಿ, ಎಷ್ಟು ದಪ್ಪದ ಅಕ್ಷರದಲ್ಲಿದೆ ಎಂದು ಓದಬೇಕಾದರೆ ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಫಲಕದ ಬುಡದವರೆಗೆ ನಡೆದುಹೋಗಬೇಕು.